ಯಾವ ಸ್ಕ್ಯಾನ್, ಯಾವ ಪ್ರಶ್ನೆಗೆ? ಕ್ಯಾನ್ಸರ್ ಪತ್ತೆಯಲ್ಲಿ ಸ್ಕ್ಯಾನಿಂಗ್ ಅನ್ನು ಎಷ್ಟು ನಂಬಬಹುದು

ಪರಿಚಯದ ಮಹಿಳೆಯೊಬ್ಬರಿಗೆ ಕುತ್ತಿಗೆಯಲ್ಲಿ ಸಣ್ಣ ಗಂಟು ಕಾಣಿಸಿಕೊಂಡಿತು. ಡಾಕ್ಟರು ಅಲ್ಟ್ರಾಸೌಂಡ್ ಬರೆದುಕೊಟ್ಟರು. ಇವರಿಗೆ ಸಮಾಧಾನವಿಲ್ಲ. "ಬರೀ ಅಲ್ಟ್ರಾಸೌಂಡಾ? ಎಂಆರ್‌ಐ ಮಾಡಿಸಿಬಿಟ್ರೆ ಒಂದೇ ಸಲ ಎಲ್ಲ ಗೊತ್ತಾಗುತ್ತಲ್ವಾ?" ಅಂತ ನನಗೆ ಫೋನ್ ಮಾಡಿದರು.

ಇಲ್ಲ, ಗೊತ್ತಾಗುವುದಿಲ್ಲ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಚರ್ಮದ ಕೆಳಗೇ ಇರುತ್ತದೆ. ಅಷ್ಟು ಹತ್ತಿರದ್ದನ್ನು ಅಲ್ಟ್ರಾಸೌಂಡ್ ಮಿಲಿಮೀಟರ್ ಲೆಕ್ಕದಲ್ಲಿ ತೋರಿಸುತ್ತದೆ. ಗಂಟಿನ ಅಂಚು ನುಣುಪಾಗಿದೆಯೇ, ಮುಳ್ಳುಮುಳ್ಳಾಗಿದೆಯೇ? ಒಳಗೆ ನೀರಿದೆಯೇ, ಗಟ್ಟಿಯಿದೆಯೇ? ಸುಣ್ಣದ ಸಣ್ಣ ಚುಕ್ಕೆಗಳಿವೆಯೇ? ಇವೆಲ್ಲ ಅಲ್ಲಿ ಕಾಣುತ್ತವೆ. ಎಂಆರ್‌ಐ ದೊಡ್ಡ ಯಂತ್ರವೇ ಹೌದು. ಆದರೆ ಈ ಗಂಟು ಕೆಟ್ಟದ್ದೋ ಒಳ್ಳೆಯದ್ದೋ ಎಂದು ಹೇಳುವುದರಲ್ಲಿ ಅದು ಅಲ್ಟ್ರಾಸೌಂಡಿಗಿಂತ ಹಿಂದೆ.

ಯಂತ್ರ ದೊಡ್ಡದಾದಷ್ಟೂ, ಬಿಲ್ ಜಾಸ್ತಿಯಾದಷ್ಟೂ ನಂಬಿಕೆ ಹೆಚ್ಚು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಸ್ಕ್ಯಾನ್‌ಗಳನ್ನು ಹಾಗೆ ಒಂದರ ಮೇಲೊಂದು ಪೇರಿಸಲು ಆಗುವುದಿಲ್ಲ. ಒಂದೊಂದು ಒಂದೊಂದು ಪ್ರಶ್ನೆಗೆ ಹುಟ್ಟಿದ್ದು. ಪ್ರಶ್ನೆ ಬದಲಾದರೆ ಅದೇ ಯಂತ್ರದ ಮೇಲಿನ ನಂಬಿಕೆಯೂ ಬದಲಾಗುತ್ತದೆ.

ಮೊದಲು ಒಂದು ಲೆಕ್ಕ

ಸ್ಕ್ಯಾನ್ ಎರಡು ರೀತಿ ತಪ್ಪಬಹುದು. ಇರುವ ಕ್ಯಾನ್ಸರನ್ನು ಕಾಣದೆ ಬಿಡಬಹುದು. ಇಲ್ಲದಿದ್ದರೂ ಇದೆ ಎಂದು ಬೆಚ್ಚಿಬೀಳಿಸಬಹುದು. ಒಂದನ್ನು ಕಡಿಮೆ ಮಾಡಲು ಹೋದರೆ ಸಾಮಾನ್ಯವಾಗಿ ಇನ್ನೊಂದು ಹೆಚ್ಚುತ್ತದೆ.

ಒಂದು ಯಂತ್ರ ಇದೆ ಅಂದುಕೊಳ್ಳಿ. ಕ್ಯಾನ್ಸರ್ ಇರುವ 10 ಜನರಲ್ಲಿ 9 ಜನರನ್ನು ಹಿಡಿಯುತ್ತದೆ. ಕ್ಯಾನ್ಸರ್ ಇಲ್ಲದ 10 ಜನರಲ್ಲಿ 9 ಜನರಿಗೆ "ಏನೂ ಇಲ್ಲ" ಎಂದು ಸರಿಯಾಗಿಯೇ ಹೇಳುತ್ತದೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಈಗ ಯಾವ ತೊಂದರೆಯೂ ಇಲ್ಲದ 1000 ಜನರನ್ನು ಕರೆತನ್ನಿ. ಅವರಲ್ಲಿ 5 ಜನರಿಗೆ ಕ್ಯಾನ್ಸರ್ ಇದೆ. ಯಂತ್ರ 4 ಅಥವಾ 5 ಜನರನ್ನು ಹಿಡಿಯುತ್ತದೆ. ಜೊತೆಗೆ ಆರೋಗ್ಯವಾಗಿರುವ ಸುಮಾರು 100 ಜನರಿಗೂ "ಅನುಮಾನ ಇದೆ" ಎಂಬ ಚೀಟಿ ಕೊಡುತ್ತದೆ. ಅಂದರೆ ಭಯದಿಂದ ಮನೆಗೆ ಹೋದ ನೂರೈದು ಜನರಲ್ಲಿ ನೂರು ಜನರದ್ದು ಸುಮ್ನೆ ಭಯ.

ಈಗ ಅದೇ ಯಂತ್ರದ ಮುಂದೆ ಬೇರೆ 1000 ಜನರನ್ನು ನಿಲ್ಲಿಸಿ. ಎಲ್ಲರಿಗೂ ಕೈಗೆ ಸಿಗುವ ಗಂಟಿದೆ. ಅವರಲ್ಲಿ 300 ಜನರದ್ದು ನಿಜವಾಗಿ ಕ್ಯಾನ್ಸರ್. ಯಂತ್ರ 270 ಜನರನ್ನು ಹಿಡಿಯುತ್ತದೆ, 70 ಜನರಿಗೆ ಸುಳ್ಳು ಹೇಳುತ್ತದೆ. ಈಗ "ಅನುಮಾನ ಇದೆ" ಎಂಬ ಚೀಟಿ ಸಿಕ್ಕವರಲ್ಲಿ ಐವರಿಗೆ ನಾಲ್ವರದ್ದು ನಿಜ. ಯಂತ್ರದ ಒಂದು ಸ್ಕ್ರೂ ಕೂಡ ಬದಲಾಗಿಲ್ಲ. ಮುಂದೆ ನಿಂತವರು ಬದಲಾದರು, ಅಷ್ಟೆ.

ಹಾಗಾಗಿ "ಸಿಟಿ ಎಷ್ಟು ಪರ್ಸೆಂಟ್ ಕರೆಕ್ಟು?" ಎಂದು ಕೇಳಿದರೆ ಒಂದೇ ಸಂಖ್ಯೆಯ ಉತ್ತರ ಸಿಗುವುದಿಲ್ಲ. ಯಾರಿಗೆ, ಎಲ್ಲಿ, ಯಾಕೆ ಎಂದು ಸೇರಿಸಿ ಕೇಳಬೇಕು.

ಅಲ್ಟ್ರಾಸೌಂಡ್

ವಿಕಿರಣ ಇಲ್ಲ, ಸೂಜಿ ಇಲ್ಲ, ಬೇಗ ಮುಗಿಯುತ್ತದೆ. ನೀರು ತುಂಬಿದ ಗುಳ್ಳೆಯನ್ನೂ ಗಟ್ಟಿ ಗಡ್ಡೆಯನ್ನೂ ಬೇರೆ ಮಾಡಿ ತೋರಿಸುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ಥೈರಾಯ್ಡ್, ಸ್ತನ, ವೃಷಣದ ಗಂಟುಗಳಿಗೆ, ಪಿತ್ತಜನಕಾಂಗದ ಮೊದಲ ನೋಟಕ್ಕೆ ಒಳ್ಳೆಯದು. ಆದರೆ ಗಾಳಿ ಮತ್ತು ಮೂಳೆ ಇದರ ಶತ್ರುಗಳು. ಶಬ್ದದ ಅಲೆ ಅಲ್ಲಿಂದ ಮುಂದೆ ಹೋಗುವುದೇ ಇಲ್ಲ. ಅದಕ್ಕೇ ಶ್ವಾಸಕೋಶದ ಒಳಗಿನ ಗಡ್ಡೆಗೆ ಇದು ಕುರುಡು. ಕರುಳಿನ ಗ್ಯಾಸ್ ಅಡ್ಡ ಬಂದರೆ ಮೇದೋಜೀರಕ ಗ್ರಂಥಿಯೂ (ಪ್ಯಾಂಕ್ರಿಯಾಸ್) ಸರಿಯಾಗಿ ಕಾಣುವುದಿಲ್ಲ. ರಿಪೋರ್ಟಿನಲ್ಲಿ "ಗ್ಯಾಸ್‌ನಿಂದಾಗಿ ಪ್ಯಾಂಕ್ರಿಯಾಸ್ ಪೂರ್ತಿ ಕಾಣಲಿಲ್ಲ" ಎಂದು ಬರೆದಿದ್ದರೆ ಅದನ್ನು "ಪ್ಯಾಂಕ್ರಿಯಾಸ್ ಚೆನ್ನಾಗಿದೆ" ಎಂದು ಓದಿಕೊಳ್ಳಬೇಡಿ.

ಇನ್ನೊಂದು ಮಾತು. ಉಳಿದ ಸ್ಕ್ಯಾನ್‌ಗಳಿಗಿಂತ ಇದರಲ್ಲಿ ಕೈಚಳಕದ ಪಾಲು ಜಾಸ್ತಿ. ಪ್ರೋಬ್ ಹಿಡಿದವರು ತೋರಿಸಿದಷ್ಟೇ ಚಿತ್ರ. ಸೆರೆಹಿಡಿಯದ ಮೂಲೆಯನ್ನು ಆಮೇಲೆ ಯಾರೂ ನೋಡಲಾರರು.

ಮ್ಯಾಮೊಗ್ರಾಂ

ಇದು ಸ್ತನದ ಎಕ್ಸ್‌ರೇ. ಸ್ತನ ಕ್ಯಾನ್ಸರ್‌ಗೆ ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ಸ್ಕ್ಯಾನ್ ಇದು. ಒಟ್ಟಾರೆ ನೋಡಿದರೆ ಇರುವ ಕ್ಯಾನ್ಸರ್‌ಗಳಲ್ಲಿ 100ಕ್ಕೆ ಸುಮಾರು 87ನ್ನು ಹಿಡಿಯುತ್ತದೆ. ಗಡ್ಡೆಯಾಗುವ ಮೊದಲೇ ಬರುವ ಸುಣ್ಣದ ಪುಡಿಯಂಥ ಚುಕ್ಕೆಗಳನ್ನು ಇದು ಅಲ್ಟ್ರಾಸೌಂಡಿಗಿಂತ ಎಷ್ಟೋ ಚೆನ್ನಾಗಿ ತೋರಿಸುತ್ತದೆ.

ತೊಂದರೆ ಇರುವುದು ಸಾಂದ್ರ ಸ್ತನಗಳಲ್ಲಿ, ಅಂದರೆ ಕೊಬ್ಬು ಕಡಿಮೆ, ಗ್ರಂಥಿ ಜಾಸ್ತಿ ಇರುವಲ್ಲಿ. ಕೊಬ್ಬು ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಗ್ರಂಥಿಯ ಅಂಗಾಂಶ ಬಿಳಿ. ಕ್ಯಾನ್ಸರೂ ಬಿಳಿ. ಬಿಳಿಯೊಳಗೆ ಬಿಳಿ ಹುಡುಕಬೇಕು. ಮೊಸರಿನಲ್ಲಿ ಕಲ್ಲು ಹುಡುಕುವುದು ಅಂತ ನಾವು ಬೇರೆ ಅರ್ಥದಲ್ಲಿ ಹೇಳುತ್ತೇವೆ, ಇಲ್ಲಿ ಅದು ನಿಜವಾಗಿಯೂ ಅದೇ ಕೆಲಸ. ಯುವತಿಯರಲ್ಲಿ ಸಾಂದ್ರತೆ ಸಹಜವಾಗಿ ಜಾಸ್ತಿ, ಹಾಗಾಗಿ ಅವರಲ್ಲಿ ಗಂಟು ಸಿಕ್ಕಾಗ ಮೊದಲು ಅಲ್ಟ್ರಾಸೌಂಡ್ ಮಾಡುತ್ತಾರೆ.

ನೆದರ್ಲೆಂಡ್ಸ್‌ನಲ್ಲಿ ತೀರಾ ಸಾಂದ್ರ ಸ್ತನಗಳಿರುವ, ಮ್ಯಾಮೊಗ್ರಾಂ ಸರಿಯಾಗಿ ಬಂದ ಮಹಿಳೆಯರ ಒಂದು ದೊಡ್ಡ ಅಧ್ಯಯನ ನಡೆಯಿತು. 2019ರಲ್ಲಿ ಫಲಿತಾಂಶ ಬಂತು. ಎಂಆರ್‌ಐ ಮಾಡಿಸಿದ ಪ್ರತಿ 1000 ಮಹಿಳೆಯರಲ್ಲಿ 16ಕ್ಕೂ ಹೆಚ್ಚು ಕ್ಯಾನ್ಸರ್‌ಗಳು ಸಿಕ್ಕವು. ನೆನಪಿಡಿ, ಇವರೆಲ್ಲರ ಮ್ಯಾಮೊಗ್ರಾಂ "ನಾರ್ಮಲ್" ಎಂದಿತ್ತು. ಹಾಗಂತ ಎಲ್ಲರಿಗೂ ಎಂಆರ್‌ಐ ಎಂದಲ್ಲ. ಸಾಂದ್ರತೆ ತೀರಾ ಹೆಚ್ಚಿರುವವರು, ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನ್ ದೋಷ ಇರುವವರು ಡಾಕ್ಟರ ಹತ್ತಿರ ಈ ಮಾತು ಎತ್ತಲೇಬೇಕು.

ಗಂಟು ಕೈಗೆ ಸಿಗುತ್ತಿದ್ದು ಮ್ಯಾಮೊಗ್ರಾಂ ನಾರ್ಮಲ್ ಬಂದರೆ? ಕೈಯನ್ನು ನಂಬಿ. ಅಲ್ಲಿಗೇ ಬಿಡಬೇಡಿ.

ಎದೆಯ ಎಕ್ಸ್‌ರೇ ಮತ್ತು ಸಿಟಿ

ಧೂಮಪಾನಿಗಳು ವರ್ಷಕ್ಕೊಂದು ಎಕ್ಸ್‌ರೇ ತೆಗೆಸಿ ನಿಶ್ಚಿಂತೆಯಿಂದ ಇರುವುದನ್ನು ನೋಡಿದ್ದೇನೆ. ಆ ನಿಶ್ಚಿಂತೆಗೆ ಆಧಾರವಿಲ್ಲ. ಅಮೆರಿಕದಲ್ಲಿ ಒಂದೂವರೆ ಲಕ್ಷ ಜನರ ಮೇಲೆ ನಡೆದ ಅಧ್ಯಯನ 2011ರಲ್ಲಿ ಹೇಳಿದ್ದು ಇಷ್ಟೇ: ವರ್ಷವರ್ಷ ಎದೆಯ ಎಕ್ಸ್‌ರೇ ತೆಗೆಸಿದರೂ ಶ್ವಾಸಕೋಶದ ಕ್ಯಾನ್ಸರ್ ಸಾವು ಕಡಿಮೆಯಾಗಲಿಲ್ಲ. ಪಕ್ಕೆಲುಬು, ಹೃದಯ, ರಕ್ತನಾಳ ಎಲ್ಲ ಒಂದೇ ನೆರಳಾಗಿ ಬೀಳುತ್ತವೆ. ಸಣ್ಣ ಗಡ್ಡೆ ಅವುಗಳ ಹಿಂದೆ ಅಡಗಿ ಕೂತಿರುತ್ತದೆ.

ಸಿಟಿ ಅದೇ ಎಕ್ಸ್‌ರೇಯನ್ನು ಸುತ್ತಲೂ ತಿರುಗಿಸಿ ಬ್ರೆಡ್ಡಿನ ಹೋಳುಗಳಂತೆ ತೋರಿಸುತ್ತದೆ. ಅದೇ 2011ರಲ್ಲಿ ಇನ್ನೊಂದು ಅಮೆರಿಕನ್ ಅಧ್ಯಯನದ ಫಲಿತಾಂಶ ಬಂತು. ಹೆಚ್ಚು ಸಿಗರೇಟ್ ಸೇದಿದ, 55ರಿಂದ 74 ವರ್ಷದ 53,000ಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಕಡಿಮೆ ಪ್ರಮಾಣದ ವಿಕಿರಣದ ಸಿಟಿ ಮಾಡಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತವರು ಎಕ್ಸ್‌ರೇ ಗುಂಪಿಗಿಂತ 20% ಕಡಿಮೆ. ಇದು ದೊಡ್ಡ ಗೆಲುವು.

ಆದರೆ ಅದೇ ಅಧ್ಯಯನದ ಇನ್ನೊಂದು ಸಂಖ್ಯೆಯನ್ನು ಜಾಹೀರಾತುಗಳು ಹೇಳುವುದಿಲ್ಲ. ಮೂರು ಸುತ್ತಿನಲ್ಲಿ ಮಾಡಿದ ಸಿಟಿಗಳಲ್ಲಿ ಸುಮಾರು ಕಾಲು ಭಾಗದಲ್ಲಿ ಏನೋ ಅನುಮಾನಾಸ್ಪದ ಕಂಡಿತು. ಹಾಗೆ ಕಂಡವುಗಳಲ್ಲಿ 96% ಕ್ಯಾನ್ಸರ್ ಆಗಿರಲಿಲ್ಲ. ಹಳೆಯ ಸೋಂಕಿನ ಕಲೆ, ಸಣ್ಣ ದುಗ್ಧ ಗ್ರಂಥಿ, ಇಂಥವು. ಹೆಚ್ಚು ಸೇದಿದವರಲ್ಲೇ ಹೀಗಾದರೆ, ಸಿಗರೇಟ್ ಮುಟ್ಟದವರಲ್ಲಿ ಸುಳ್ಳು ಭಯದ ಪಾಲು ಇನ್ನೂ ಜಾಸ್ತಿ. ಮೇಲಿನ ಲೆಕ್ಕ ನೆನಪಿದೆಯಲ್ಲ?

ವಿಕಿರಣದ ವಿಷಯಕ್ಕೆ ಬರೋಣ. ಅದನ್ನು ಮಿಲಿಸೀವರ್ಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಎದೆಯ ಎಕ್ಸ್‌ರೇ ಸುಮಾರು 0.1 ಮಿಲಿಸೀವರ್ಟ್. ಕಡಿಮೆ ಪ್ರಮಾಣದ ಎದೆಯ ಸಿಟಿ ಸುಮಾರು 1.5. ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸಿಟಿ ಸುಮಾರು 8. ನೆಲ, ಗಾಳಿ, ಆಕಾಶದಿಂದ ವರ್ಷವಿಡೀ ನಮಗೆ ಸಹಜವಾಗಿ ತಗಲುವುದು ಜಗತ್ತಿನ ಸರಾಸರಿಯಲ್ಲಿ 2.4. ಕ್ಯಾನ್ಸರ್ ಅನುಮಾನ ಗಟ್ಟಿಯಾಗಿದ್ದಾಗ ಈ ವಿಕಿರಣಕ್ಕೆ ಹೆದರಿ ಸಿಟಿ ಬಿಡುವುದು ದಡ್ಡತನ. ಸುಮ್ನೆ ಕುತೂಹಲಕ್ಕೆ ಮಾಡಿಸುವುದು ಇನ್ನೊಂದು ಬಗೆಯ ದಡ್ಡತನ.

ಎಂಆರ್‌ಐ

ಮೆದು ಅಂಗಾಂಶಗಳ ರಾಜ. ಮೆದುಳು, ಬೆನ್ನುಹುರಿ, ಪ್ರಾಸ್ಟೇಟ್, ಗುದನಾಳ, ಗರ್ಭಕೋಶ, ಸ್ತನ ಇವೆಲ್ಲ ಇದರ ಅಂಗಳ. ವಿಕಿರಣ ಇಲ್ಲ. ಆದರೆ ನಿಧಾನ, ಗದ್ದಲ ಜಾಸ್ತಿ, ಇಕ್ಕಟ್ಟಾದ ಕೊಳವೆಯೊಳಗೆ ಅಲುಗಾಡದೆ ಮಲಗಬೇಕು. ಪೇಸ್‌ಮೇಕರ್ ಇದ್ದವರು ಮೊದಲೇ ಹೇಳಬೇಕು. ಉಸಿರಾಡುತ್ತಲೇ ಇರುವ, ಗಾಳಿ ತುಂಬಿದ ಶ್ವಾಸಕೋಶದ ಸಣ್ಣ ಚುಕ್ಕೆಗಳಲ್ಲಿ ಸಿಟಿಯೇ ಮುಂದೆ.

ಪ್ರಾಸ್ಟೇಟ್ ಕಥೆ ಸ್ವಲ್ಪ ನಿಂತು ನೋಡುವಂಥದ್ದು. ಮೊದಲು ರಕ್ತದಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್) ಹೆಚ್ಚಿದರೆ ನೇರ ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷಿಸುತ್ತಿದ್ದರು, ಅಂದರೆ ಬಯಾಪ್ಸಿ. ಹತ್ತು ಹನ್ನೆರಡು ಕಡೆ, ಹೆಚ್ಚುಕಡಿಮೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಬ್ರಿಟನ್ನಿನ ಒಂದು ಅಧ್ಯಯನ 2017ರಲ್ಲಿ ಇದನ್ನು ಅಳೆದು ತೋರಿಸಿತು. ಅಪಾಯಕಾರಿ ಕ್ಯಾನ್ಸರ್‌ಗಳಲ್ಲಿ ಆ ಹಳೆಯ ಬಯಾಪ್ಸಿ ಹಿಡಿದದ್ದು 48%, ಎಂಆರ್‌ಐ ಹಿಡಿದದ್ದು 93%. ಹಾಗಾದರೆ ಎಂಆರ್‌ಐ ಗೆದ್ದಿತು, ಬಯಾಪ್ಸಿ ಬೇಡವೇ? ಇಲ್ಲ. ಅಪಾಯಕಾರಿ ಕ್ಯಾನ್ಸರ್ ಇಲ್ಲದವರನ್ನು "ಇಲ್ಲ" ಎಂದು ಸರಿಯಾಗಿ ಬಿಟ್ಟದ್ದು ಎಂಆರ್‌ಐ 41% ಸಲ ಮಾತ್ರ. ಅದರ "ಇಲ್ಲ" ಎಂಬ ಮಾತಿಗೆ ತೂಕ ಹೆಚ್ಚು, "ಇರಬಹುದು" ಎಂಬ ಮಾತಿಗೆ ಕಡಿಮೆ. ಅದಕ್ಕೇ ಈಗ ಮೊದಲು ಎಂಆರ್‌ಐ, ಅನುಮಾನದ ಜಾಗ ಕಂಡರೆ ಅಲ್ಲಿಗೇ ಗುರಿಯಿಟ್ಟು ಸೂಜಿ.

ಪೆಟ್ ಸಿಟಿ

ಚಿಕ್ಕಪ್ಪನ ಪೆಟ್ ಸ್ಕ್ಯಾನ್‌ಗೆ ಜೊತೆಗೆ ಹೋಗಿದ್ದೆ. ಹೆಚ್ಚು ಹೊತ್ತು ಕಳೆದದ್ದು ಯಂತ್ರದೊಳಗಲ್ಲ, ಒಂದು ಮಂದ ಬೆಳಕಿನ ಕೋಣೆಯಲ್ಲಿ. ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದರು. ಆಮೇಲೆ ಕೈಗೆ ಒಂದು ಇಂಜೆಕ್ಷನ್. ಕಂಬಳಿ ಹೊದಿಸಿ, "ಒಂದು ಗಂಟೆ ಮಾತಾಡಬೇಡಿ, ಮೊಬೈಲ್ ಬೇಡ, ಸುಮ್ನೆ ಮಲಗಿ" ಎಂದರು ನರ್ಸ್. ಮಾತು ಜಾಸ್ತಿ ಆಡುವ ನಮ್ಮ ಚಿಕ್ಕಪ್ಪನಿಗೆ ಇದು ದೊಡ್ಡ ಶಿಕ್ಷೆ.

ಯಾಕೆ ಗೊತ್ತಾ? ಇಂಜೆಕ್ಷನ್‌ನಲ್ಲಿ ಇದ್ದದ್ದು ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿದ ಸಕ್ಕರೆ. ಅದರ ಶಕ್ತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಹೊಟ್ಟೆಬಾಕ ಕ್ಯಾನ್ಸರ್ ಕೋಶಗಳು ಆ ಸಕ್ಕರೆಯನ್ನು ಬಾಚಿಕೊಳ್ಳುತ್ತವೆ, ಪರದೆಯ ಮೇಲೆ ಹೊಳೆಯುತ್ತವೆ. ಆದರೆ ಮಾತಾಡಿದರೆ ಗಂಟಲಿನ ಸ್ನಾಯುವೂ ಸಕ್ಕರೆ ತಿನ್ನುತ್ತದೆ. ಚಳಿಯಾದರೆ ಕುತ್ತಿಗೆಯ ಕಂದು ಕೊಬ್ಬು ತಿನ್ನುತ್ತದೆ. ಹಿಂದಿನ ದಿನ ಜೋರಾಗಿ ವ್ಯಾಯಾಮ ಮಾಡಿದ್ದರೆ ತೊಡೆ ಹೊಳೆಯುತ್ತದೆ.

ಇದರ ಬಲವೂ ದೌರ್ಬಲ್ಯವೂ ಇಲ್ಲೇ ಇದೆ. ಪೆಟ್ ಕ್ಯಾನ್ಸರನ್ನು ನೋಡುವುದಿಲ್ಲ, ಹಸಿವನ್ನು ನೋಡುತ್ತದೆ. ಕ್ಷಯ, ಸಾರ್ಕಾಯ್ಡ್ ಎಂಬ ಉರಿಯೂತದ ಕಾಯಿಲೆ, ಕೀವು, ಇತ್ತೀಚಿನ ಆಪರೇಷನ್ ಗಾಯ, ಎಲ್ಲವೂ ಹಸಿದಿರುತ್ತವೆ. ಎಷ್ಟೋ ಸಲ ಕ್ಷಯದ ಗ್ರಂಥಿಗಳು ಥೇಟ್ ಲಿಂಫೋಮಾದಂತೆ (ದುಗ್ಧ ಗ್ರಂಥಿಗಳ ಕ್ಯಾನ್ಸರ್) ಹೊಳೆದು ಮನೆಮಂದಿಯ ನಿದ್ದೆಗೆಡಿಸುತ್ತವೆ. ಇತ್ತ ನಿಧಾನವಾಗಿ ಬೆಳೆಯುವ ಕೆಲವು ಕ್ಯಾನ್ಸರ್‌ಗಳಿಗೆ ಹಸಿವೇ ಕಡಿಮೆ. ಒಂದು ಸೆಂಟಿಮೀಟರಿಗಿಂತ ಚಿಕ್ಕವು ತಪ್ಪಿಸಿಕೊಳ್ಳಬಹುದು. ಮೆದುಳಂತೂ ಯಾವಾಗಲೂ ಸಕ್ಕರೆ ತಿನ್ನುವುದರಿಂದ ಅದರೊಳಗಿನ ಸಣ್ಣ ಗಡ್ಡೆ ಹೊಳಪಿನಲ್ಲೇ ಮುಳುಗಿಹೋಗುತ್ತದೆ. ಅಲ್ಲಿಗೆ ಎಂಆರ್‌ಐ ಬೇಕು.

ಪ್ರಾಸ್ಟೇಟ್ ಕ್ಯಾನ್ಸರಿಗೆ ಸಕ್ಕರೆಯ ಪೆಟ್ ಅಷ್ಟಕ್ಕಷ್ಟೇ. ಅದಕ್ಕೆ ಬೇರೆ ಗಾಳ ಇದೆ, ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲಿರುವ ಪಿಎಸ್‌ಎಂಎ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವಂಥದ್ದು. ಅಪಾಯ ಹೆಚ್ಚಿರುವ ಪ್ರಾಸ್ಟೇಟ್ ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಎಂದು ಹೇಳುವುದರಲ್ಲಿ ಪಿಎಸ್‌ಎಂಎ ಪೆಟ್ 92% ಸರಿ, ಸಿಟಿ ಮತ್ತು ಮೂಳೆ ಸ್ಕ್ಯಾನ್ ಎರಡೂ ಸೇರಿ 65% ಸರಿ ಎಂದು ಆಸ್ಟ್ರೇಲಿಯಾದ ಅಧ್ಯಯನ 2020ರಲ್ಲಿ ತೋರಿಸಿತು.

ಒಟ್ಟಿನಲ್ಲಿ ಪೆಟ್‌ನ ನಿಜವಾದ ಕೆಲಸ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಹೇಳುವುದಲ್ಲ. ಇದೆ ಎಂದು ಗೊತ್ತಾದ ಮೇಲೆ ಎಲ್ಲಿಗೆಲ್ಲ ಹರಡಿದೆ, ಔಷಧಿ ಕೆಲಸ ಮಾಡುತ್ತಿದೆಯೇ, ವಾಪಸ್ ಬಂದಿದೆಯೇ ಎಂದು ನೋಡುವುದು. ವಿಕಿರಣ 20 ಮಿಲಿಸೀವರ್ಟ್ ಆಸುಪಾಸು.

ಹಾಗಾದರೆ ಯಾವುದಕ್ಕೆ ಯಾವುದು

ಕರುಳಿನ ಕ್ಯಾನ್ಸರಿಗೆ ಸಿಟಿಯಲ್ಲೇ ಕರುಳಿನ ಒಳನೋಟ ಪಡೆಯುವ ವಿಧಾನವಿದೆ. ಒಂದು ಸೆಂಟಿಮೀಟರಿಗಿಂತ ದೊಡ್ಡ ಪಾಲಿಪ್‌ಗಳಲ್ಲಿ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟುಗಳು) ಸುಮಾರು 90% ಹಿಡಿಯುತ್ತದೆ. ಆದರೆ ಕಂಡದ್ದನ್ನು ಅಲ್ಲೇ ಕತ್ತರಿಸಿ ತೆಗೆಯಲು ಕೊಲೊನೊಸ್ಕೋಪಿಯೇ, ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಕರುಳಿನೊಳಗೆ ಬಿಟ್ಟು ನೋಡುವುದೇ ಬೇಕು. ನನ್ನನ್ನು ಕೇಳಿದರೆ ನೇರ ಅದಕ್ಕೇ ಹೋಗುವುದು ಮೇಲು. ಹೊಟ್ಟೆ, ಅನ್ನನಾಳದ ಒಳಪದರಕ್ಕೂ ಎಂಡೋಸ್ಕೋಪಿಯೇ. ರಕ್ತದ ಕ್ಯಾನ್ಸರಿಗೆ ರಕ್ತ ಮತ್ತು ಅಸ್ಥಿಮಜ್ಜೆ ಪರೀಕ್ಷೆ, ಸ್ಕ್ಯಾನ್ ಅಲ್ಲ.

ಪಿತ್ತಜನಕಾಂಗ ಒಂದು ಅಪರೂಪದ ಜಾಗ. ಸಿರೋಸಿಸ್ (ಪಿತ್ತಜನಕಾಂಗ ಗಾಯಗೊಂಡು ಗಟ್ಟಿಯಾಗುವುದು) ಇರುವವರಲ್ಲಿ ಕಾಂಟ್ರಾಸ್ಟ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು ಸಿಟಿ ಅಥವಾ ಎಂಆರ್‌ಐ ಮಾಡಿದಾಗ ಗಡ್ಡೆ ಮೊದಲು ಬೆಳಗಿ, ಆಮೇಲೆ ಮಂಕಾಗುವ ನಿರ್ದಿಷ್ಟ ನಡೆ ಕಂಡರೆ ಬಯಾಪ್ಸಿ ಇಲ್ಲದೆಯೇ ಕ್ಯಾನ್ಸರ್ ಎಂದು ತೀರ್ಮಾನಿಸುತ್ತಾರೆ. ಬಹುತೇಕ ಬೇರೆಲ್ಲ ಕಡೆ ಕೊನೆಯ ಮಾತು ಬಯಾಪ್ಸಿಯದ್ದೇ.

ಅಂಡಾಶಯದ ವಿಷಯದಲ್ಲಿ ನಿರಾಸೆಯಾಗಿದೆ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಅಧ್ಯಯನದಲ್ಲಿ ಅರ್ಧದಷ್ಟು ಜನರನ್ನು ಅಲ್ಟ್ರಾಸೌಂಡ್, ರಕ್ತಪರೀಕ್ಷೆಗಳ ಮೂಲಕ ವರ್ಷಗಟ್ಟಲೆ ತಪಾಸಣೆ ಮಾಡಿ, ಉಳಿದವರ ಜೊತೆ ಹೋಲಿಸಿದರು. 2021ರಲ್ಲಿ ಬಂದ ಅಂತಿಮ ಫಲಿತಾಂಶ: ತಪಾಸಣೆಯಿಂದ ಸಾವು ಕಡಿಮೆಯಾಗಲಿಲ್ಲ. ಬೇಗ ಕಂಡರೆ ಬದುಕುತ್ತಾರೆ ಎಂಬ ಲೆಕ್ಕ ಎಲ್ಲ ಕಡೆ ಕೂಡಿಬರುವುದಿಲ್ಲ.

ಆರಾಮಾಗಿದ್ದೇನೆ, ಆದರೂ ಇಡೀ ಮೈ ಸ್ಕ್ಯಾನ್ ಮಾಡಿಸಲೇ?

ಈ ಪ್ಯಾಕೇಜುಗಳು ನನಗೆ ಇಷ್ಟವಾಗುವುದಿಲ್ಲ, ಮುಚ್ಚುಮರೆ ಯಾಕೆ. ದಕ್ಷಿಣ ಕೊರಿಯಾದಲ್ಲಿ ಆದದ್ದನ್ನು ನೋಡಿ. 1999ರಿಂದ ಅಲ್ಲಿ ಕ್ಯಾನ್ಸರ್ ತಪಾಸಣೆ ಜೋರಾಯಿತು. ಪಟ್ಟಿಯಲ್ಲಿ ಇಲ್ಲದಿದ್ದರೂ ಥೈರಾಯ್ಡ್ ಅಲ್ಟ್ರಾಸೌಂಡನ್ನು ಜೊತೆಗೆ ಸೇರಿಸಿ ಮಾಡತೊಡಗಿದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತು. ಸಾವಿನ ಪ್ರಮಾಣ? ಇದ್ದಲ್ಲೇ ಇತ್ತು. ಎಂದೂ ತೊಂದರೆ ಕೊಡದಿದ್ದ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು, ಜೀವನಪೂರ್ತಿ ಮಾತ್ರೆ ನುಂಗುವಂತಾಯಿತು. ಸ್ಕ್ಯಾನ್ ಅಲ್ಲಿ ತಪ್ಪು ಹೇಳಲಿಲ್ಲ. ಕಂಡದ್ದು ಕ್ಯಾನ್ಸರೇ. ಕಾಣಬೇಕಾದ ಅಗತ್ಯ ಇರಲಿಲ್ಲ, ಅಷ್ಟೆ.

ಯಾವ ಲಕ್ಷಣವೂ, ಮನೆತನದ ಇತಿಹಾಸವೂ ಇಲ್ಲದವರಿಗೆ ಇಡೀ ದೇಹದ ಸ್ಕ್ಯಾನ್ ಸಲಹೆ ಮಾಡಲು ಸಾಕಷ್ಟು ಪುರಾವೆ ಇಲ್ಲ ಎಂದು ಅಲ್ಲಿನ ಸ್ಕ್ಯಾನ್ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2023ರಲ್ಲಿ ಹೇಳಿತು. ಲೀ-ಫ್ರಾಮೆನಿಯಂಥ, ಹಲವು ಬಗೆಯ ಕ್ಯಾನ್ಸರಿನ ಅಪಾಯ ತರುವ ಜೀನ್ ದೋಷ ಇರುವ ಕುಟುಂಬಗಳ ಮಾತು ಬೇರೆ. ಅವರಿಗೆ ವರ್ಷಕ್ಕೊಂದು ಎಂಆರ್‌ಐಗೆ ಕಾರಣವಿದೆ.

ಓದುವ ಕಣ್ಣು, ಓದುವ ರಿಪೋರ್ಟು

2013ರಲ್ಲಿ ಅಮೆರಿಕದ ಸಂಶೋಧಕರು ಒಂದು ತಮಾಷೆ ಮಾಡಿದರು. ಶ್ವಾಸಕೋಶದ ಸಿಟಿ ಚಿತ್ರಗಳಲ್ಲಿ ಒಂದು ಪುಟ್ಟ ಗೊರಿಲ್ಲಾ ಸೇರಿಸಿದರು. ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದು. 24 ರೇಡಿಯಾಲಜಿಸ್ಟ್‌ಗಳಿಗೆ (ಸ್ಕ್ಯಾನ್ ಓದುವ ಡಾಕ್ಟರುಗಳು) ಗಂಟು ಹುಡುಕಲು ಹೇಳಿದರು. 20 ಜನಕ್ಕೆ ಗೊರಿಲ್ಲಾ ಕಾಣಲೇ ಇಲ್ಲ. ಕಣ್ಣಿನ ಚಲನೆ ಅಳೆದು ನೋಡಿದರೆ ಅವರಲ್ಲಿ ಹೆಚ್ಚಿನವರ ಕಣ್ಣು ನೇರ ಅದರ ಮೇಲೇ ಹಾದುಹೋಗಿತ್ತು. ಹುಡುಕು ಎಂದದ್ದನ್ನು ಕಣ್ಣು ಹುಡುಕುತ್ತದೆ. ಹಾಗಾಗಿ ಸ್ಕ್ಯಾನ್ ಚೀಟಿಯಲ್ಲಿ "ಹೊಟ್ಟೆ ನೋವು" ಎಂದಷ್ಟೇ ಇದ್ದರೆ ಸಾಲದು. ಮೂರು ತಿಂಗಳಲ್ಲಿ ಎಂಟು ಕೆಜಿ ಇಳಿದಿದ್ದೀರಿ, ಕಣ್ಣು ಹಳದಿಯಾಗಿದೆ ಎಂದೂ ಬರೆಸಿ.

ಇನ್ನು ರಿಪೋರ್ಟಿನ ಭಾಷೆ. ಮ್ಯಾಮೊಗ್ರಾಂನಲ್ಲಿ ಬೈರ್ಯಾಡ್ಸ್ ಎಂಬ ಅಂಕಿ ಇರುತ್ತದೆ. 0 ಎಂದರೆ ಸೊನ್ನೆ ಅಪಾಯ ಅಲ್ಲ, "ಇನ್ನೂ ಚಿತ್ರ ಬೇಕು" ಎಂದರ್ಥ. ಇದನ್ನು ಉಲ್ಟಾ ಓದಿ ಖುಷಿಪಟ್ಟವರಿದ್ದಾರೆ. 3 ಎಂದರೆ ಕ್ಯಾನ್ಸರ್ ಸಾಧ್ಯತೆ 2%ಗಿಂತ ಜಾಸ್ತಿ ಇಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. 4 ಎಂದರೆ 2%ರಿಂದ 95%ವರೆಗೆ ಏನು ಬೇಕಾದರೂ ಇರಬಹುದು, ಬಯಾಪ್ಸಿ ಬೇಕು. 5 ಎಂದರೆ 95% ಅಥವಾ ಹೆಚ್ಚು.

"ಕ್ಲಿನಿಕಲ್ ಕೋರಿಲೇಶನ್ ಬೇಕು" ಎಂಬ ಸಾಲು ನೋಡಿ ಹಲವರು ಗಾಬರಿಯಾಗುತ್ತಾರೆ. ಚಿತ್ರ ಒಂದೇ ಸಾಲದು, ರೋಗಿಯನ್ನು ನೋಡಿದ ಡಾಕ್ಟರು ಎರಡನ್ನೂ ಕೂಡಿಸಿ ತೀರ್ಮಾನಿಸಲಿ ಎಂದು ಅದರ ಅರ್ಥ. "ಅನುಮಾನಾಸ್ಪದ ಗಡ್ಡೆ ಕಾಣಲಿಲ್ಲ" ಎಂದರೆ ಈ ಯಂತ್ರ ಕಾಣಬಲ್ಲಷ್ಟು ದೊಡ್ಡದು ಯಾವುದೂ ಇಲ್ಲ ಎಂದು. ಒಂದು ಸೆಂಟಿಮೀಟರ್ ಗಡ್ಡೆಯಲ್ಲಿ ಸುಮಾರು ನೂರು ಕೋಟಿ ಕೋಶಗಳಿರುತ್ತವೆ ಎಂಬುದು ಹಳೆಯ ಅಂದಾಜು. ಅದಕ್ಕಿಂತ ಎಷ್ಟೋ ಮೊದಲಿನ ಹಂತ ಯಾವ ಸ್ಕ್ಯಾನ್‌ಗೂ ಕಾಣುವುದಿಲ್ಲ. ಲಕ್ಷಣಗಳು ಮುಂದುವರಿದರೆ ನಾರ್ಮಲ್ ರಿಪೋರ್ಟ್ ಹಿಡಿದುಕೊಂಡೇ ಮತ್ತೆ ಹೋಗಿ.

ಡಾಕ್ಟರ ಹತ್ತಿರ ಕೇಳಲು ನಾನು ಎಲ್ಲರಿಗೂ ಹೇಳಿಕೊಡುವ ಪ್ರಶ್ನೆ ಒಂದೇ: "ಈ ಸ್ಕ್ಯಾನ್‌ನಲ್ಲಿ ಏನು ಬಂದರೆ ನೀವು ಏನು ಮಾಡ್ತೀರಿ? ಏನೂ ಬರದಿದ್ದರೆ ಏನು ಮಾಡ್ತೀರಿ?" ಎರಡಕ್ಕೂ ಉತ್ತರ ಒಂದೇ ಆದರೆ ಆ ಸ್ಕ್ಯಾನ್ ಬಹುಶಃ ಬೇಕಿಲ್ಲ.

ಹೋಗುವಾಗ ಹಳೆಯ ಸಿಡಿಗಳನ್ನು ತಪ್ಪದೆ ಒಯ್ಯಿರಿ. ಬರೀ ರಿಪೋರ್ಟ್ ಹಾಳೆಯಲ್ಲ, ಚಿತ್ರಗಳಿರುವ ಸಿಡಿ. ಇವತ್ತು ಶ್ವಾಸಕೋಶದಲ್ಲಿ 7 ಮಿಲಿಮೀಟರಿನ ಗಟ್ಟಿ ಚುಕ್ಕೆ ಕಂಡಿತು ಅಂದುಕೊಳ್ಳಿ. ಹೊಸದಾದರೆ ತಿಂಗಳುಗಟ್ಟಲೆ ಕಾಯುವುದು, ಮತ್ತೆ ಸಿಟಿ, ನಿದ್ದೆಯಿಲ್ಲದ ರಾತ್ರಿಗಳು. ಎರಡು ವರ್ಷದ ಹಿಂದಿನ ಸಿಡಿಯಲ್ಲೂ ಅದೇ ಜಾಗದಲ್ಲಿ ಅದೇ 7 ಮಿಲಿಮೀಟರ್ ಇದ್ದರೆ, ರೇಡಿಯಾಲಜಿಸ್ಟ್ ಸಾಮಾನ್ಯವಾಗಿ "ಬದಲಾವಣೆ ಇಲ್ಲ" ಎಂದು ಬರೆದು ಮುಂದಿನ ಫೈಲ್ ತೆಗೆದುಕೊಳ್ಳುತ್ತಾರೆ.